ಐದರಿಂದ ಆರೂವರೆ

ಆ ಮನೆಯ ತಾಯಿಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ. ಅಡುಗೆ ಬರುತ್ತಿತ್ತು, ಹೊಲಿಗೆ ಬರುತ್ತಿತ್ತು, ತರಕಾರಿಯವನ ತಕ್ಕಡಿಯಲ್ಲಿ ಐವತ್ತು ಗ್ರಾಂ ಕಡಿಮೆ ಬಿದ್ದರೂ ಹಿಡಿಯಲು ಬರುತ್ತಿತ್ತು. ಗಡಿಯಾರದ ಎರಡು ಮುಳ್ಳುಗಳಲ್ಲಿ ಯಾವುದರ ಮಾತು ಕೇಳಬೇಕೆಂಬುದು ಮಾತ್ರ ಅವಳ ತಲೆಗೆ ಹತ್ತಲೇ ಇಲ್ಲ. ಅವಳ ದಿನ ಬೇರೆ ಲೆಕ್ಕದಲ್ಲಿ ನಡೆಯುತ್ತಿತ್ತು. ಹಾಲಿನವನ ಸೈಕಲ್ಲು, ಶಾಲೆಯ ಗಂಟೆ, ಎದುರು ಗೋಡೆಯಿಂದ ಬಿಸಿಲು ಜಾರುವುದು, ಸಂಜೆ ಕೆಳಗಿನ ನಲ್ಲಿಗೆ ನೀರು ಬರುವುದು. ಐವತ್ತಾರು ವರ್ಷ ಇದರಿಂದ ಯಾರಿಗೂ ತೊಂದರೆ ಆಗಿರಲಿಲ್ಲ. ಐವತ್ತೇಳನೆಯದರಲ್ಲಿ ಅವಳ ಮಗ ಜೈಲಿಗೆ ಹೋದ.

ಮಗ ಒಂದು ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದ. ಮಾಲೀಕನ ಜೊತೆ ಜಗಳ ಮಾಡಿಕೊಂಡು ಕೆಲಸ ಬಿಟ್ಟ. ಬಿಟ್ಟ ಎರಡೇ ವಾರಕ್ಕೆ, ಒಂದು ಗುರುವಾರ ಸಂಜೆ ಏಳೂವರೆಗೆ, ಯಾರೋ ಗೋದಾಮಿಗೆ ನುಗ್ಗಿ ಕಾವಲುಗಾರನ ತಲೆಗೆ ಸರಳಿನಿಂದ ಹೊಡೆದು ಕಪಾಟು ಒಡೆದರು. ಕಾವಲುಗಾರ ಬದುಕಿದ, ಅವನ ಬಲಗಣ್ಣು ಹೋಯಿತು. ಮಬ್ಬಿನಲ್ಲಿ ತಾನು ಕಂಡದ್ದು ಜಗಳವಾಡಿ ಹೋದವನನ್ನೇ ಎಂದು ಅವನು ಹೇಳಿದ. ಹಗೆ ಇಟ್ಟುಕೊಂಡು ಹೇಳಿದ್ದಲ್ಲ. ಹಾಗೆ ಕಂಡಿತು, ಹೇಳಿದ.

ಆ ಹೊತ್ತಿನಲ್ಲಿ ಮಗ ನಲ್ಲಿಯಿಂದ ಮೂರನೆಯ ಮಹಡಿಗೆ ನೀರು ಹೊರುತ್ತಿದ್ದ. ದಿನಕ್ಕೆ ಹದಿನಾಲ್ಕು ಕೊಡ. ತಾಯಿ ಕೆಳಗೆ ನಿಂತು ತುಂಬಿಸಿ ಎತ್ತಿ ಕೊಡುತ್ತಿದ್ದಳು, ಅವನು ಎರಡೆರಡು ಮೆಟ್ಟಿಲು ಹಾರಿಕೊಂಡು ಹೋಗುತ್ತಿದ್ದ. ಏಳನೆಯ ಕೊಡಕ್ಕೆ ಗೋಡೆಗೆ ಒರಗಿ, "ಅಮ್ಮಾ, ಮುಂದಿನ ಜನ್ಮದಲ್ಲಾದ್ರೂ ನೆಲಮನೆ ಬಾಡಿಗೆಗೆ ಹಿಡಿ," ಎನ್ನುತ್ತಿದ್ದ. ಅವತ್ತೂ ಅಂದಿದ್ದ. ಅವತ್ತು ನೀರು ಐದಕ್ಕೆ ಬಂದಿರಲಿಲ್ಲ. ಬೀದಿದೀಪ ಹತ್ತಿದ ಮೇಲೆ ಬಂದಿತ್ತು.

ತಾಯಿ ಕೋರ್ಟಿನಲ್ಲಿ ಇದನ್ನೇ ಹೇಳಿದಳು. ನ್ಯಾಯಾಧೀಶರು ಒಳ್ಳೆಯವರು. ವಯಸ್ಸಾದ ಹೆಂಗಸು ನಿಂತಿದ್ದಾಳೆಂದು ಕುರ್ಚಿ ಹಾಕಿಸಿದರು.

"ನೀವು ಗಡಿಯಾರ ನೋಡಿದ್ರಾ ಅಮ್ಮ?"

"ಗಡಿಯಾರ ನನಗೆ ಬರಲ್ಲ ಸ್ವಾಮಿ. ನೀರು ಬಂದಾಗ ಅವನು ನನ್ನ ಜೊತೆ ಇದ್ದ. ನೀರು ನಿಲ್ಲೋವರೆಗೂ ಇದ್ದ."

"ನೀರು ಎಷ್ಟು ಹೊತ್ತಿಗೆ ಬಂತು?"

"ದಿನಾ ಐದಕ್ಕೆ ಅಂತಾರೆ. ಅವತ್ತು ಕತ್ತಲಾಗಿತ್ತು."

ಅವರು ತಲೆಯಾಡಿಸಿ ಬರೆದುಕೊಂಡರು. ನಂಬಿದರು ಎಂದುಕೊಂಡು ತಾಯಿ ಮನೆಗೆ ಬಂದು, ಮಗ ಇನ್ನೇನು ಬರುತ್ತಾನೆಂದು ಅವನ ಎರಡು ಅಂಗಿಗಳನ್ನು ಒಗೆದು ಹಾಕಿದಳು.

ನ್ಯಾಯಾಧೀಶರು ನಂಬಿಯೂ ಸುಮ್ಮನೆ ಕೂರಲಿಲ್ಲ, ಪರೀಕ್ಷಿಸಿದರು. ನೀರಿನ ಇಲಾಖೆಯಿಂದ ರಿಜಿಸ್ಟರು ತರಿಸಿದರು. ಆ ಬಡಾವಣೆಗೆ ನೀರು ಬಿಡುವ ನೀರುಗಂಟಿ ಬೇರೆ ಯಾರೂ ಅಲ್ಲ, ಹುಡುಗನ ಅಪ್ಪನೇ. ರಿಜಿಸ್ಟರಿನಲ್ಲಿ ಆ ಗುರುವಾರದ ಎದುರು ಅವನ ಗುಂಡು ಅಕ್ಷರದಲ್ಲಿ ಬರೆದಿತ್ತು: ಐದರಿಂದ ಆರೂವರೆ. ನೀರುಗಂಟಿಯನ್ನು ಕರೆದು ಕೇಳಿದರು. ಅವನು ಕಟಕಟೆಯ ಕಂಬಿ ಹಿಡಿದು ಮೂರೇ ಪದ ಹೇಳಿದ. "ರಿಜಿಸ್ಟರು ಸರಿಯಾಗಿದೆ ಸ್ವಾಮಿ."

ಹತ್ತು ವರ್ಷ ಶಿಕ್ಷೆಯಾಯಿತು.

ತಾಯಿ ಮೊದಲು ಒಂದು ತಿಂಗಳು ಗಂಡನ ಮೇಲೆ ಕೂಗಾಡಿದಳು. ಆಮೇಲೆ ಮಾತು ಬಿಟ್ಟಳು. ಅಡುಗೆ ಬಿಡಲಿಲ್ಲ, ಬಟ್ಟೆ ಒಗೆಯುವುದು ಬಿಡಲಿಲ್ಲ, ಮಾತು ಮಾತ್ರ ಬಿಟ್ಟಳು. ಮೊಮ್ಮಗಳಿಗೆ ಮಾತು ಬಂದ ಮೇಲೆ ಎಲ್ಲ ಅವಳ ಮೂಲಕ ನಡೆಯತೊಡಗಿತು. ಅಪ್ಪ ಜೈಲಿಗೆ ಹೋದಾಗ ಎರಡು ತುಂಬದಿದ್ದ ಆ ಹುಡುಗಿಗೆ ಈಗ ಆರು. ಎಲ್ಲರೂ ಗುಬ್ಬಿ ಎನ್ನುತ್ತಿದ್ದರು.

"ಗುಬ್ಬಿ, ನಿಮ್ಮ ತಾತನಿಗೆ ಊಟಕ್ಕೆ ಬರೋಕೆ ಹೇಳು."

"ತಾತಾ, ಊಟಕ್ಕೆ ಬರಬೇಕಂತೆ."

"ಬಂದೆ ಅಂತ ಹೇಳು."

"ಅಜ್ಜಿ, ಬಂದ್ರಂತೆ." ಮೂವರೂ ಒಂದೇ ಕೋಣೆಯಲ್ಲಿ, ಎರಡು ಮಾರು ದೂರದಲ್ಲಿ ಇರುತ್ತಿದ್ದರು.

*

ಮೇಲಿನ ಕೋರ್ಟಿನಲ್ಲಿ ಅಪೀಲು ಮೂರು ವರ್ಷ ಧೂಳು ತಿಂದು ಕೊನೆಗೆ ವಿಚಾರಣೆಗೆ ಬಂತು. ಸರ್ಕಾರದ ಕಡೆಯಿಂದ ಪುಕ್ಕಟೆ ಲಾಯರನ್ನು ಕೊಟ್ಟರು. ಪುಕ್ಕಟೆಯವಳು ಮನೆವರೆಗೂ ಬರುತ್ತಾಳೆಂದು ಯಾರೂ ಎಣಿಸಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಏದುಸಿರು ಬಿಡುತ್ತ ಮೂರು ಮಹಡಿ ಹತ್ತಿ ಬಂದಳು. ಇಪ್ಪತ್ತೆಂಟು ವರ್ಷದ ಹುಡುಗಿ, ಕೈಯಲ್ಲಿ ದಪ್ಪ ಕಡತ.

"ನೀರು ಕೊಡ್ತೀರಾ ಅಮ್ಮ?"

"ನೀರು ಕೇಳಬೇಡಮ್ಮ, ಚಹಾ ಕೇಳು. ನೀರು ಹೊರೋದು ನನ್ನ ಸೊಂಟ," ಎಂದಳು ಸೊಸೆ. ಅವಳು ಬಟ್ಟೆ ಕಾರ್ಖಾನೆಯಲ್ಲಿ ಇಸ್ತ್ರಿ ಹಾಕುತ್ತಿದ್ದಳು. ವಾರಕ್ಕೆ ಒಂದು ದಿನ ರಜೆ, ಆ ದಿನವೂ ನಿಂತೇ ಇರುತ್ತಿದ್ದಳು.

ಲಾಯರಮ್ಮ ತೀರ್ಪಿನ ಪ್ರತಿ ಬಿಚ್ಚಿದಳು. ಎಪ್ಪತ್ತೊಂದು ಪುಟ. ಆ ಮನೆಯಲ್ಲಿ ಅದನ್ನು ಯಾರೂ ಓದಿರಲಿಲ್ಲ. ಹಳೆಯ ಲಾಯರು "ಹೋಯ್ತು" ಎಂದಿದ್ದ, ಅಷ್ಟಕ್ಕೇ ಎಲ್ಲ ತಿಳಿದಿತ್ತು.

"ಇಡೀ ಕೇಸು ಒಂದು ಪುಟದ ಮೇಲೆ ನಿಂತಿದೆ. ಓದ್ತೀನಿ ಕೇಳಿ," ಎಂದು ಅವಳು ತಿಳಿಯುವ ಮಾತಿಗೆ ತಿರುಗಿಸಿ ಓದಿದಳು. "ತಾಯಿ ಮಗನ ಒಳಿತು ಬಯಸುವವಳು. ಗಡಿಯಾರ ನೋಡಲು ಬಾರದವಳು. ಆಕೆಯ ನೆನಪಿಗಿಂತ ಸರ್ಕಾರಿ ನೌಕರನು ದಿನವೂ ಬರೆದಿಟ್ಟ ರಿಜಿಸ್ಟರಿಗೆ ಹೆಚ್ಚು ಬೆಲೆ. ಆ ರಿಜಿಸ್ಟರು ಸರಿಯೆಂದು ಹೇಳಿದವನು ಆರೋಪಿಯ ಸ್ವಂತ ತಂದೆ. ಒಂದು ಸುಳ್ಳು ಹೇಳಿ ಮಗನನ್ನು ಉಳಿಸಿಕೊಳ್ಳಬಹುದಾಗಿದ್ದರೂ ಸತ್ಯಕ್ಕೆ ನಿಂತ ಈ ಸಾಕ್ಷಿಯ ಪ್ರಾಮಾಣಿಕತೆಯನ್ನು ನ್ಯಾಯಾಲಯ ಮೆಚ್ಚುತ್ತದೆ."

"ಯಾರನ್ನ ಮೆಚ್ಚಿದ್ದಾರೆ?" ತಾಯಿ ಕೇಳಿದಳು.

"ನಿಮ್ಮ ಯಜಮಾನರನ್ನ."

ಒಲೆಯ ಮೇಲೆ ಚಹಾ ಉಕ್ಕಿ ಹರಿಯಿತು. ಸೊಸೆ ಎದ್ದು ಒಲೆ ಆರಿಸಿದಳು.

ಲಾಯರಮ್ಮ ಇನ್ನೊಂದು ಕಾಗದ ತೆಗೆದಳು. ಗೋದಾಮಿನ ಕಳವು ನಡೆದ ವರ್ಷವೇ ಊರಿನ ದೊಡ್ಡ ಪೈಪು ಒಡೆದು ಎರಡು ದಿನ ಯಾರ ಮನೆಗೂ ಹನಿ ನೀರು ಬಂದಿರಲಿಲ್ಲ. ಪತ್ರಿಕೆಯಲ್ಲಿ ಚಿತ್ರ ಸಮೇತ ಬಂದಿತ್ತು. ಆ ಎರಡು ದಿನವೂ ರಿಜಿಸ್ಟರಿನಲ್ಲಿ ಐದರಿಂದ ಆರೂವರೆಯವರೆಗೆ ನೀರು ಬಂದಿತ್ತು.

"ಮುಂಚೆನೇ ಬರೆದಿಡ್ತಾರೆ, ಅಲ್ವಾ?" ಎಂದಳು. "ಇದನ್ನ ಬರೆದವರೇ ಪ್ರಮಾಣ ಮಾಡಿ ಹೇಳಬೇಕು. ಐದು ವಾರದಲ್ಲಿ ವಿಚಾರಣೆ ಇದೆ. ಅಷ್ಟರೊಳಗೆ ಅವರು ಸಹಿ ಹಾಕಿದ್ರೆ ದಾರಿ ಇದೆ. ಇಲ್ದಿದ್ರೆ ನಾನು ಹೋಗಿ ನಿಂತು ಬರ್ತೀನಿ, ಅಷ್ಟೇ."

"ಅವರಿಗೆ ಏಳು ವಾರದಲ್ಲಿ ರಿಟೈರು," ಎಂದಳು ಸೊಸೆ.

"ಗೊತ್ತು. ಸಹಿ ಹಾಕಿದ್ರೆ ಏನಾಗುತ್ತೆ ಅಂತಾನೂ ಗೊತ್ತು. ಅದಕ್ಕೇ ನಾನು ಅವರನ್ನ ಕೇಳಲ್ಲ. ನೀವು ಕೇಳಿ."

*

ನೀರುಗಂಟಿ ಮಧ್ಯಾಹ್ನ ಬಂದ. ವಾಲ್ವು ತಿರುಗಿಸುವ ಉದ್ದನೆಯ ಕಬ್ಬಿಣದ ಕೀಲಿಯನ್ನು ಬಾಗಿಲ ಮೂಲೆಗೆ ಆನಿಸಿ, ಕಾಲು ತೊಳೆದು ಊಟಕ್ಕೆ ಕೂತ. ಸೊಸೆ ಅನ್ನ ಬಡಿಸಿದಳು, ಬೇಳೆ ಬಡಿಸಲಿಲ್ಲ. ಸೌಟು ಕೈಯಲ್ಲೇ ಹಿಡಿದು ನಿಂತಳು.

"ಮಾವ, ಆ ಗುರುವಾರ ನೀರು ಯಾವಾಗ ಬಿಟ್ರಿ?"

"ರಿಜಿಸ್ಟರಲ್ಲಿದೆ."

"ರಿಜಿಸ್ಟರನ್ನ ಕೇಳ್ಲಿಲ್ಲ. ನಿಮ್ಮನ್ನ ಕೇಳ್ದೆ."

ಅವನು ಒಣ ಅನ್ನವನ್ನೇ ಕಲಸಿದ. "ಪಂಪು ಸುಟ್ಟಿತ್ತು. ಏಳಾಯ್ತು."

"ಕೋರ್ಟಲ್ಲಿ ಯಾಕೆ ಹೇಳ್ಲಿಲ್ಲ?"

"ಹಿಂದಿನ ದಿನ ಸೂಪರ್‌ವೈಸರು ಬಂದು ಕೂತಿದ್ದ. ರಿಜಿಸ್ಟರು ಸುಳ್ಳು ಅಂದ್ರೆ ನಿಂದೊಂದೇ ಅಲ್ಲ, ಹನ್ನೊಂದು ಜನರ ಅನ್ನ ಹೋಗುತ್ತೆ ಅಂದ. ಎಲ್ರೂ ಸೋಮವಾರ ಕೂತು ಇಡೀ ವಾರದ್ದು ಬರೆದುಬಿಡ್ತಾರಮ್ಮ. ನಾನು ಸೇರೋ ಮುಂಚಿಂದ ಹಂಗೇ ಇದೆ."

"ಹನ್ನೊಂದು ಜನ ಇವತ್ತು ಮನೇಲಿ ಮಕ್ಕಳ ಜೊತೆ ಉಣ್ತಿದ್ದಾರೆ."

"ನಾನೇನು ಅವನಿಗೆ ಶಿಕ್ಷೆ ಆಗ್ಲಿ ಅಂತ ಹೇಳಿದ್ನಾ?" ನೀರುಗಂಟಿ ತಟ್ಟೆ ಸರಿಸಿದ. "ಜಡ್ಜು ಸಾಹೇಬರು ನಿಮ್ಮತ್ತೆಗೆ ಕುರ್ಚಿ ಹಾಕ್ಸಿದ್ರು. ಅಷ್ಟು ಓದಿದೋರು, ಎಷ್ಟು ಜನರ ಮುಖ ನೋಡಿದೋರು. ಇವಳು ಸುಳ್ಳು ಹೇಳೋಳಲ್ಲ ಅಂತ ಅವರಿಗೆ ತಿಳಿಯದೆ ಇರುತ್ತಾ? ನಾನು ಏನೇ ಅಂದ್ರೂ ಅವರು ಇವಳ ಮಾತೇ ಹಿಡೀತಾರೆ ಅಂದ್ಕೊಂಡೆ. ನಮ್ಮ ಕೆಲಸಾನೂ ಉಳಿಯುತ್ತೆ, ಹುಡುಗಾನೂ ಬರ್ತಾನೆ ಅಂದ್ಕೊಂಡೆ."

"ಅವರು ನಿಮ್ಮನ್ನ ಹಿಡಿದ್ರು."

"ಹೂಂ."

"ಹೊಗಳಿದ್ದಾರಂತೆ. ಗೊತ್ತಿತ್ತಾ?"

ಅವನು ಸರಿಸಿದ ತಟ್ಟೆಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡ. ಆಫೀಸಿನ ಗುಮಾಸ್ತನೊಬ್ಬ ಆ ಪುಟವನ್ನು ಆಗಲೇ ಓದಿ ಹೇಳಿ, ಎಲ್ಲರಿಗೂ ಚಹಾ ತರಿಸಿದ್ದನೆಂದು ಆಮೇಲೆ ತಿಳಿಯಿತು. ನೀರುಗಂಟಿಯೂ ಒಂದು ಲೋಟ ಕುಡಿದಿದ್ದ.

ತಾಯಿ ಗೋಡೆಗೆ ಒರಗಿ ಕೂತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. "ಗುಬ್ಬಿ," ಎಂದಳು, "ನಿಮ್ಮ ತಾತನಿಗೆ ಬೇಳೆ ಬಡಿಸೋಕೆ ನಿಮ್ಮಮ್ಮನಿಗೆ ಹೇಳು. ಒಣ ಅನ್ನ ಗಂಟಲಿಗೆ ಸಿಕ್ಕಿಕೊಳ್ಳುತ್ತೆ."

ಮರುದಿನ ಸೋಮವಾರ. ನೀರುಗಂಟಿ ಚಹಾ ಲೋಟ ಪಕ್ಕಕ್ಕಿಟ್ಟುಕೊಂಡು ರಿಜಿಸ್ಟರು ಬಿಚ್ಚಿ ಕೂತ. ಗುಬ್ಬಿ ಶಾಲೆಯಲ್ಲಿ ಅಂಕಿ ಕಲಿತಿದ್ದಳು, ವಾರಗಳ ಹೆಸರು ಕಲಿತಿದ್ದಳು. ತಾತನ ಭುಜದ ಮೇಲೆ ಗದ್ದ ಊರಿ ಓದಿದಳು.

"ತಾತ, ಶನಿವಾರ ಬಂದೇ ಇಲ್ಲ. ನೀರು ಬಂತು ಅಂತ ಬರ್ದಿದ್ದೀಯಾ."

"ಬರುತ್ತೆ ಬಿಡು."

"ಬರ್ಲಿಲ್ಲ ಅಂದ್ರೆ?"

"ಬರ್ಲಿಲ್ಲ ಅಂದ್ರೂ ಆಫೀಸಿಗೆ ಹೀಗೇ ಬೇಕು ಮರಿ."

"ನಮ್ಮ ಮಿಸ್ಸು ಹಂಗೆ ಬರೆದ್ರೆ ಹೊಡೀತಾರೆ."

ಸೊಸೆ ಜೋರಾಗಿ ನಕ್ಕುಬಿಟ್ಟಳು. ನಗು ಮುಗಿಯುವ ಹೊತ್ತಿಗೆ ಅದು ನಗುವಾಗಿ ಉಳಿದಿರಲಿಲ್ಲ. ಊಟದ ಡಬ್ಬಿ ಎತ್ತಿಕೊಂಡು ಕಾರ್ಖಾನೆಗೆ ಹೊರಟಳು.

ಆ ವಾರವೂ ಮುಂದಿನ ವಾರವೂ ಮನೆಯಲ್ಲಿ ಬೇರೆ ಮಾತಿರಲಿಲ್ಲ. ಉಪ್ಪು ಹೆಚ್ಚಾದರೂ ಅದೇ, ಸೋಪು ಮುಗಿದರೂ ಅದೇ.

"ನನ್ನ ಪಿಂಚಣಿ ಹೋದ್ರೆ ಬಾಡಿಗೆ ಯಾರು ಕೊಡ್ತಾರೆ?" ಎಂದು ನೀರುಗಂಟಿ ಗುಬ್ಬಿಯನ್ನು ಕೇಳುತ್ತಿದ್ದ.

"ನಿಮ್ಮಪ್ಪ ಬಂದ್ರೆ ನಿಮ್ಮಪ್ಪ ಕೊಡ್ತಾನೆ ಅಂತ ಹೇಳು," ಎಂದು ತಾಯಿಯೂ ಗುಬ್ಬಿಗೇ ಹೇಳುತ್ತಿದ್ದಳು.

"ಬರ್ಲಿಲ್ಲ ಅಂದ್ರೆ? ಎರಡೂ ಹೋಗುತ್ತೆ ಅಂತ ಹೇಳು."

"ನಂಗೆ ಹೋಂವರ್ಕಿದೆ," ಎಂದು ಗುಬ್ಬಿ ಎದ್ದು ಹೋದಳು.

*

ಮೂರನೆಯ ವಾರ ಜೈಲಿನ ಭೇಟಿ. ತಿಂಗಳಿಗೊಂದು, ಹದಿನೈದು ನಿಮಿಷ. ಎರಡು ಬಸ್ಸು ಬದಲಾಯಿಸಬೇಕು. ಸೊಸೆಗೆ ರಜೆ ಸಿಗಲಿಲ್ಲ. ತಾಯಿ ಒಬ್ಬಳೇ ಹೊರಟಳು. ನೀರುಗಂಟಿ ನಾಲ್ಕು ವರ್ಷದಲ್ಲಿ ಒಮ್ಮೆಯೂ ಹೋಗಿರಲಿಲ್ಲ. ಹೊರಡುವ ದಿನ ಮಾತ್ರ ಪ್ರತಿ ಸಲವೂ ಒಂದು ಜೊತೆ ಹೊಸ ಬನಿಯನ್ನು ತಂದು ಚೀಲದ ಮೇಲಿಡುತ್ತಿದ್ದ. ಯಾರಿಗೆಂದು ಹೇಳುತ್ತಿರಲಿಲ್ಲ, ಯಾರೂ ಕೇಳುತ್ತಿರಲಿಲ್ಲ.

ಜಾಲರಿಯ ಆಚೆ ಮಗ ಬಂದು ನಿಂತ. ಮೂಟೆ ಹೊತ್ತ ಭುಜ ಈಗ ಹ್ಯಾಂಗರಿಗೆ ಹಾಕಿದ ಅಂಗಿಯ ಹಾಗೆ ಇತ್ತು. ಅಲ್ಲಿ ಅವನಿಗೆ ಬಡಗಿ ಕೆಲಸ ಕೊಟ್ಟಿದ್ದರು. ಬೆರಳಿಗೆ ಬಟ್ಟೆ ಸುತ್ತಿತ್ತು.

"ಊಟ?"

"ಆಯ್ತಮ್ಮ. ಗುಬ್ಬಿ?"

"ಶಾಲೆಗೆ ಹೋಗಿದೆ. ಬಾಯಿ ನಿನ್ನದೇ."

"ನೀರು ಯಾರು ಹೊರ್ತಾರೆ?"

"ನಿನ್ನ ಹೆಂಡ್ತಿ. ನಾನು ಎರಡು ಕೊಡ. ಹದಿನಾಲ್ಕು ಬೇಕಾಗಲ್ಲ ಈಗ, ಒಂಬತ್ತು ಸಾಕು." ಹೇಳಿಬಿಟ್ಟ ಮೇಲೆ, ಹೇಳಬಾರದಿತ್ತು ಎನಿಸಿತು. ಅವನೊಬ್ಬನ ಸ್ನಾನಕ್ಕೇ ಐದು ಕೊಡ ಹೋಗುತ್ತಿತ್ತೆಂದು ಅವಳು ದಿನಾ ಬೈಯುತ್ತಿದ್ದಳು. ಈಗ ಆ ಐದು ಕೊಡ ನೀರನ್ನು ತಲೆಯ ಮೇಲೆ ಸುರಿದುಕೊಂಡು ಅವನು ಕೋಣೆಯ ನಡುವಿನವರೆಗೂ ಒದ್ದೆ ಕಾಲಲ್ಲಿ ನಡೆದು ಬಂದರೆ ಸಾಕಾಗಿತ್ತು.

ಲಾಯರಮ್ಮ ಬಂದದ್ದು, ಪುಟ ಓದಿದ್ದು, ಅಪ್ಪನ ಸಹಿ ಬೇಕಾದದ್ದು ಎಲ್ಲ ಹೇಳಿದಳು. ಮಗ ಜಾಲರಿಯ ಒಂದು ಕಣ್ಣಿಯನ್ನು ಉಗುರಿನಿಂದ ಕೆರೆಯುತ್ತ ಕೇಳಿದ.

"ಅಪ್ಪನ್ನ ಪೀಡಿಸಬೇಡಿ. ಇನ್ನು ಕೆಲವೇ ದಿನ ಇದೆ ಅವರಿಗೆ."

"ನಿನಗೆ ಇನ್ನೂ ಆರು ವರ್ಷ ಇದೆಯಲ್ಲೋ."

"ಇರ್ಲಿ. ಅಪ್ಪನ ಮೇಲೆ ನನಗೆ ಕೋಪ ಇಲ್ಲ ಅಂತ ಹೇಳು." ಕೆರೆಯುವುದನ್ನು ನಿಲ್ಲಿಸಿ ಮತ್ತೆ ಹೇಳಿದ. "ಕೋಪ ಇದೆ. ಆದ್ರೂ ಇಲ್ಲ ಅಂತ ಹೇಳು."

ಬೇರೆ ತಾಯಿಯಾಗಿದ್ದರೆ ಮೊದಲಿನ ಮಾತು ತಂದು, ಎರಡನೆಯದನ್ನು ಬಸ್ಸಿನಲ್ಲೇ ಬಿಟ್ಟುಬರುತ್ತಿದ್ದಳು. ಈ ಹೆಂಗಸಿಗೆ ಅದು ತಿಳಿಯದು. ಮನೆಗೆ ಬಂದಾಗ ನೀರುಗಂಟಿ ಚಪ್ಪಲಿಯ ಬಾರು ಹೊಲಿಯುತ್ತ ಕೂತಿದ್ದ. ಗುಬ್ಬಿ ಕೆಳಗೆ ಆಡುತ್ತಿದ್ದಳು. ತಾಯಿ ಚೀಲ ಇಳಿಸಿ ಅವನ ಎದುರಿಗೇ ಕೂತಳು.

"ರೀ."

ಮೂರು ವರ್ಷದ ಮೇಲೆ ಬಂದ ಆ ಪದಕ್ಕೆ ಅವನ ಕೈಯ ಸೂಜಿ ನಿಂತಿತು.

"ನಿಮ್ಮ ಮೇಲೆ ಕೋಪ ಇಲ್ಲ ಅಂತ ಹೇಳು ಅಂದ. ಆಮೇಲೆ, ಕೋಪ ಇದೆ, ಆದ್ರೂ ಇಲ್ಲ ಅಂತ ಹೇಳು ಅಂದ. ಎರಡೂ ಹೇಳಿದ್ದೀನಿ."

ಅವನು ಬಾರು ಹೊಲಿದು ಮುಗಿಸಿದ, ದಾರ ಹಲ್ಲಿನಲ್ಲಿ ಕಡಿದ. "ಸಪೂರ ಆಗಿದ್ದಾನಾ?"

"ಹೂಂ."

"ಬನಿಯನ್ನು ಸರಿಹೋಗುತ್ತಾ?"

"ದೊಡ್ಡದಾಗುತ್ತೆ. ಯಾವಾಗ್ಲೂ ದೊಡ್ಡದೇ ಆಗಿದೆ. ಹಾಕ್ಕೋತಾನೆ."

ಮರುದಿನ ಅವನು ರಜೆ ಹಾಕಿ, ಹೊಲಿದ ಚಪ್ಪಲಿ ಮೆಟ್ಟಿ ಲಾಯರಮ್ಮನ ಕಚೇರಿಗೆ ಹೋದ. ಅವಳು ಬರೆದಳು, ಓದಿ ಹೇಳಿದಳು. ಅವನು ನಾಲ್ಕು ಕಡೆ ಸಹಿ ಹಾಕಿದ.

*

ನೀರಿನ ಇಲಾಖೆ ಅವನ ಮಾತನ್ನು ಎರಡೇ ದಿನದಲ್ಲಿ ನಂಬಿತು. ಸುಳ್ಳು ದಾಖಲೆ ಬರೆದದ್ದನ್ನು ತಾನಾಗಿ ಒಪ್ಪಿಕೊಂಡಿದ್ದಾನೆ ಎಂದು ಅಮಾನತಿನ ಕಾಗದ ಬಂತು. ಸೂಪರ್‌ವೈಸರು ಮನೆಯ ಬಾಗಿಲಿಗೇ ಬಂದ.

"ಮೂವತ್ತೊಂದು ವರ್ಷ ಒಟ್ಟಿಗೆ ಕೆಲಸ ಮಾಡಿದ್ವಿ. ಹೀಗೆ ಕತ್ತು ಕುಯ್ಯಬಹುದಾ?"

"ನಿನ್ನ ಹೆಸರು ಬರೆದಿಲ್ಲ," ಎಂದ ನೀರುಗಂಟಿ.

"ಬರೀಬೇಕಾ? ನಾಳೆ ಎಲ್ಲರ ರಿಜಿಸ್ಟರು ತರಿಸ್ತಾರೆ. ಹೋಗ್ಲಿ, ನಿನ್ನ ಮಗ ಬರ್ತಾನೆ ಅಂತ ಯಾರು ಹೇಳಿದ್ರು?"

"ಸತ್ಯ ಹೇಳಿದ್ದೀವಿ. ನೋಡೋರು ನೋಡ್ತಾರೆ."

"ಹಿಂದಿನ ಸಲಾನೂ ನೀನು ನೋಡೋರು ನೋಡ್ತಾರೆ ಅಂದಿದ್ದೆ." ಸೂಪರ್‌ವೈಸರು ಮೂಲೆಯಲ್ಲಿದ್ದ ಕಬ್ಬಿಣದ ಕೀಲಿಯನ್ನು ಎತ್ತಿಕೊಂಡ, ಅದು ಇಲಾಖೆಯದು. ಮೂರು ಮಹಡಿ ಇಳಿಯುವವರೆಗೂ ಅದು ಮೆಟ್ಟಿಲಿಗೆ ಬಡಿಯುವ ಸದ್ದು ಕೇಳಿಸಿತು.

ನೀರುಗಂಟಿ ಮನೆಯಲ್ಲಿರತೊಡಗಿದ. ಮೊದಲ ಎರಡು ದಿನ ಕಿಟಕಿಯಲ್ಲಿ ನಿಂತ. ಮೂರನೆಯ ಸಂಜೆ ಸೊಸೆಯ ಕೈಯಿಂದ ಕೊಡ ಕಿತ್ತುಕೊಂಡ.

"ಬೇಡಿ ಮಾವ, ಎದೆ ಹಿಡ್ಕೊಳ್ಳುತ್ತೆ."

"ಊರಿಗೆಲ್ಲಾ ನೀರು ಬಿಟ್ಟೋನು, ಮನೆಗೆ ಒಂದು ಕೊಡ ಹೊತ್ತಿಲ್ಲಮ್ಮ. ಕೊಡು."

ತಾಯಿ ನಲ್ಲಿಯ ಹತ್ತಿರ ಕೊಡ ತುಂಬಿಸಿ ಎತ್ತಿ ಕೊಟ್ಟಳು. ಅವನು ಒಂದೊಂದೇ ಮೆಟ್ಟಿಲಿಗೆ ನಿಂತು ಹತ್ತಿದ. ನಾಲ್ಕನೆಯ ಕೊಡಕ್ಕೆ ಅರ್ಧ ನೀರು ಮೈಮೇಲೇ ಚೆಲ್ಲಿತ್ತು. "ನಿಮ್ಮ ಮಗನಿಗಿಂತ ನೀವೇ ಮೇಲು. ಅವನು ಮನೆಗೆ ಬಂದು ಸ್ನಾನ ಮಾಡ್ತಿದ್ದ, ನೀವು ದಾರೀಲೇ ಮುಗಿಸ್ತೀರಿ," ಎಂದಳು ತಾಯಿ. ಕೆಳಮನೆಯ ಟೈಲರು ಹೊಲಿಗೆ ನಿಲ್ಲಿಸಿ ನೋಡಿದ. ಗಂಡಹೆಂಡತಿ ಮಾತಾಡುವುದನ್ನು ಅವನು ನೋಡಿ ವರ್ಷಗಳಾಗಿದ್ದವು.

ವಿಚಾರಣೆಯ ದಿನ ಮೂವರೂ ಹೋದರು. ಸೊಸೆ ಒಂದು ದಿನದ ಕೂಲಿ ಬಿಟ್ಟಳು. ಮೇಲಿನ ಕೋರ್ಟಿನ ಚಾವಣಿ ಎಷ್ಟು ಎತ್ತರವಿತ್ತೆಂದರೆ, ಫ್ಯಾನುಗಳು ಉದ್ದನೆಯ ಕೋಲುಗಳಲ್ಲಿ ಜೋತುಬಿದ್ದಿದ್ದವು. ಇಬ್ಬರು ನ್ಯಾಯಾಧೀಶರು. ಇಲ್ಲಿ ಯಾರನ್ನೂ ಕಟಕಟೆಗೆ ಕರೆಯುವುದಿಲ್ಲ, ಲಾಯರುಗಳೇ ಮಾತಾಡುತ್ತಾರೆಂದು ಲಾಯರಮ್ಮ ಮೊದಲೇ ಹೇಳಿದ್ದಳು. ತಾಯಿಗೆ ಅದು ಸರಿಯೆನಿಸಲಿಲ್ಲ. ಮುಖ ನೋಡದೆ ಹೇಗೆ ತಿಳಿಯುತ್ತದೆ?

"ಎಲ್ಲ ಕಾಗದದಲ್ಲಿದೆ ಅತ್ತೆ."

"ಮೊದಲೂ ಕಾಗದದಲ್ಲೇ ಇತ್ತಲ್ಲ."

ಲಾಯರಮ್ಮ ಚೆನ್ನಾಗಿ ಮಾತಾಡಿದಳು. ಪೈಪು ಒಡೆದ ದಿನದ ಪತ್ರಿಕೆ ಎತ್ತಿ ತೋರಿಸಿದಳು. ಎಡಗಡೆಯ ನ್ಯಾಯಾಧೀಶರು ಕನ್ನಡಕ ತೆಗೆದು ಪತ್ರಿಕೆಯನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು. ಎರಡು ಪ್ರಶ್ನೆ ಕೇಳಿದರು. ಹನ್ನೊಂದು ನಿಮಿಷದಲ್ಲಿ ಮುಗಿಯಿತು. ತೀರ್ಪು ಆಮೇಲೆ.

"ಆ ಎಡಗಡೆಯವರು ತಲೆ ಆಡಿಸಿದ್ರು, ನೋಡಿದ್ಯಾ?" ಹೊರಗೆ ಬಂದು ತಾಯಿ ಕೇಳಿದಳು.

"ಮೊದಲಿನವರೂ ಆಡಿಸಿದ್ರು ಅತ್ತೆ," ಎಂದಳು ಸೊಸೆ. ಹಾಗೆಂದವಳೇ ದಾರಿಯಲ್ಲಿ ಗಂಡನಿಗೆಂದು ಒಂದು ಬಾಚಣಿಗೆ ಕೊಂಡಳು. ಜೈಲಿನಿಂದ ಬರುವವನಿಗೆ ಬಾಚಣಿಗೆ ಬೇಕಾಗುತ್ತದೆ ಎಂದಳು. ಬಾಚಣಿಗೆಯನ್ನು ಕನ್ನಡಿಯ ಹಿಂದೆ ಸಿಕ್ಕಿಸಿ, ಗುಬ್ಬಿ ಮುಟ್ಟಿದರೆ ಬೆರಳಿಗೆ ಹೊಡೆಯುತ್ತಿದ್ದಳು.

ಎರಡು ವಾರ ಕಳೆಯಿತು. ಆ ಎರಡು ವಾರ ತಾಯಿ ಮೆಟ್ಟಿಲಿನ ಸದ್ದಿಗೆ ಕಿವಿಗೊಟ್ಟು ಬದುಕಿದಳು. ಮೇಲಿನ ಮನೆಯವನು ಓಡಿಕೊಂಡು ಹತ್ತಿದರೂ ಒಲೆ ಬಿಟ್ಟು ಬಾಗಿಲಿಗೆ ಬರುತ್ತಿದ್ದಳು. ನೆಲದ ಮೇಲೆ ಯಾರು ಎಲ್ಲಿ ಮಲಗಬೇಕೆಂದು ಮತ್ತೆ ಲೆಕ್ಕ ಹಾಕಿದಳು. ಒಂದು ಕೋಣೆಯಲ್ಲಿ ಐದು ಜನ, ಇಕ್ಕಟ್ಟಾಗುತ್ತದೆ. ಇಕ್ಕಟ್ಟಾಗುವುದನ್ನು ನೆನೆದೇ ಅವಳಿಗೆ ಸುಖವಾಗುತ್ತಿತ್ತು. ನೀರುಗಂಟಿ ಗೋಡೆಗೆ ಒಂದು ಮೊಳೆ ಹೊಡೆದ, ಮಗನ ಅಂಗಿಗೆ. ಆ ನಡುವೆ ಇಲಾಖೆಯಿಂದ ಎರಡನೆಯ ಕಾಗದ ಬಂತು. ನಿವೃತ್ತಿಗೆ ಎಂಟು ದಿನ ಇರುವಾಗ ಅವನನ್ನು ಕೆಲಸದಿಂದ ತೆಗೆದುಹಾಕಿದ್ದರು; ಪಿಂಚಣಿ ಇಲ್ಲ. ಅವನು ಅದನ್ನು ಮಡಿಸಿ ಅಕ್ಕಿ ಡಬ್ಬಿಯ ಕೆಳಗಿಟ್ಟ. "ಅದೊಂದು ಆಯ್ತು. ಇನ್ನೊಂದು ಬರ್ಲಿ," ಎಂದ.

ಲಾಯರಮ್ಮ ಬಂದದ್ದು ಒಂದು ಸಂಜೆ, ನೀರು ಬರುವ ಹೊತ್ತಿಗೆ. ಈ ಸಲ ಮೇಲೆ ಹತ್ತಲಿಲ್ಲ. ನಲ್ಲಿಯ ಹತ್ತಿರವೇ ಮೂವರೂ ಸಿಕ್ಕರು. ಅವಳ ಮುಖ ನೋಡಿ ಸೊಸೆ ನಲ್ಲಿ ನಿಲ್ಲಿಸಿದಳು.

"ಅಪೀಲು ವಜಾ ಆಯ್ತು."

"ಯಾಕೆ?" ಎಂದಳು ಸೊಸೆ. "ಪತ್ರಿಕೆ ನೋಡಿದ್ರಲ್ಲ."

"ಎರಡು ದಿನ ತಪ್ಪು ಬರೆದ್ರೆ ಇಡೀ ರಿಜಿಸ್ಟರು ಸುಳ್ಳಾಗಲ್ಲ ಅಂತ ಬರೆದಿದ್ದಾರೆ. ಮತ್ತೆ..." ಅವಳು ನೀರುಗಂಟಿಯತ್ತ ನೋಡಲಿಲ್ಲ. "ಒಮ್ಮೆ ಪ್ರಮಾಣ ಮಾಡಿ ಒಂದು ಹೇಳಿ, ಮೂರು ವರ್ಷ ಆದ್ಮೇಲೆ ಅದಕ್ಕೆ ವಿರುದ್ಧ ಹೇಳೋ ತಂದೆಯ ಮಾತು ನಂಬೋಕಾಗಲ್ಲ. ಮಗನ ಮೇಲಿನ ಮೋಹ ಕೊನೆಗೆ ಅವನನ್ನ ಸೋಲಿಸಿದೆ. ಅವನ ಮೊದಲ ಮಾತೇ ಸತ್ಯಕ್ಕೆ ಹತ್ತಿರ. ವಯಸ್ಸು ನೋಡಿ ಅವನ ಮೇಲೆ ಸುಳ್ಳು ಸಾಕ್ಷಿಯ ಕ್ರಮ ಬೇಡ. ಹೀಗಿದೆ."

"ಸುಳ್ಳು ಹೇಳಿದಾಗ ಹಾರ ಹಾಕಿದ್ರು," ಎಂದಳು ಸೊಸೆ. "ನಿಜ ಹೇಳಿದಾಗ ಪಾಪ ಮುದುಕ ಅಂತ ಬಿಟ್ಟುಬಿಟ್ರು."

ನೀರುಗಂಟಿ ಕೊಡದ ಅಂಚು ಹಿಡಿದು ನಿಂತಿದ್ದ. "ಓದಿದೋರು," ಎಂದ. ಅದು ಬೈಗುಳವೋ ಸಮಾಧಾನವೋ ಯಾರಿಗೂ ತಿಳಿಯಲಿಲ್ಲ.

"ಇನ್ನೂ ಮೇಲೊಂದು ಕೋರ್ಟಿದೆ," ಎಂದಳು ಲಾಯರಮ್ಮ. "ಹಾಕ್ತೀನಿ. ಭರವಸೆ ಕೊಡಲ್ಲ."

ತಾಯಿ ಅವಳ ಕೈ ಹಿಡಿದಳು. "ಒಂದು ಮಾತು ಕೇಳ್ತೀನಿ. ಆ ಮೊದಲಿನ ಜಡ್ಜು, ಕುರ್ಚಿ ಹಾಕಿಸಿದೋರು. ಅವರು ದುಡ್ಡು ಗಿಡ್ಡು ತಿಂದ್ರಾ?"

"ಇಲ್ಲಮ್ಮ. ತುಂಬಾ ಒಳ್ಳೆಯವರು ಅಂತ ಹೆಸರಿದೆ."

"ಈ ಇಬ್ಬರು?"

"ಇವರೂ ಅಷ್ಟೇ."

"ಕೆಟ್ಟೋರಾಗಿದ್ರೆ ಚೆನ್ನಾಗಿತ್ತು," ಎಂದಳು ತಾಯಿ. "ಕೂತು ಶಪಿಸಬಹುದಾಗಿತ್ತು."

ಹಿಂದೆ ಕೊಡ ಹಿಡಿದು ಸಾಲು ನಿಂತಿದ್ದವರು ಗೊಣಗತೊಡಗಿದರು. ಸೊಸೆ ನಲ್ಲಿ ತಿರುಗಿಸಿ ಕೊಡ ತುಂಬಿಸಿದಳು. ಇನ್ನೂ ಐದು ಕೊಡ ಬಾಕಿ ಇತ್ತು.

*

ಮುಂದಿನ ಭೇಟಿಗೆ ನೀರುಗಂಟಿಯೂ ಬಂದ. ಬಸ್ಸಿನಲ್ಲಿ ಎರಡೂ ಕೈಯಲ್ಲಿ ಚೀಲ ತಬ್ಬಿಕೊಂಡು ಕೂತಿದ್ದ. ಜೈಲಿನ ಬಾಗಿಲಿನಲ್ಲಿ ಹೆಸರು, ಸಂಬಂಧ, ಕೆಲಸ ಬರೆಸಬೇಕಿತ್ತು. ಕೆಲಸ ಎಂದು ಕೇಳಿದಾಗ ಹೆಂಡತಿಯ ಮುಖ ನೋಡಿದ. "ಇಲ್ಲ ಅಂತ ಬರ್ಕೊಳ್ಳಿ," ಎಂದಳು ಅವಳು.

ಮಗ ಬಂದ. ಜಾಲರಿಯ ಈಚೆ ಅಪ್ಪನನ್ನು ಕಂಡು ಅರ್ಧ ದಾರಿಯಲ್ಲೇ ನಿಂತ. ಹಿಂದಿನ ಕಾವಲಿನವನು ಬೆನ್ನಿಗೆ ತಟ್ಟಿದ ಮೇಲೆ ಮುಂದೆ ಬಂದ.

ಪಕ್ಕದ ಜಾಲರಿಯಲ್ಲಿ ಒಂದು ಹೆಂಗಸು ಯಾವುದೋ ಮದುವೆಯ ಊಟದ ವಿಷಯ ಜೋರಾಗಿ ಹೇಳುತ್ತಿದ್ದಳು.

"ಅವತ್ತು ನೀರು ಏಳಕ್ಕೆ ಬಿಟ್ಟೆ ಕಣೋ," ಎಂದ ನೀರುಗಂಟಿ. "ಪಂಪು ಸುಟ್ಟಿತ್ತು. ಏಳಕ್ಕೆ ಬಿಟ್ಟೆ, ಎಂಟೂವರೆಗೆ ನಿಲ್ಲಿಸ್ದೆ."

"ಗೊತ್ತಪ್ಪ," ಎಂದ ಮಗ. "ನಾನೇ ಹೊತ್ತಿದ್ದು."

ಅಪ್ಪ ಬೆರಳನ್ನು ಜಾಲರಿಯ ಕಣ್ಣಿಯೊಳಗೆ ತೂರಿಸಿದ. ಮೊದಲ ಗೆಣ್ಣಿನವರೆಗೆ ಹೋಯಿತು, ಮುಂದೆ ಹೋಗಲಿಲ್ಲ. ಮಗ ತನ್ನ ಬಟ್ಟೆ ಸುತ್ತಿದ ಬೆರಳನ್ನು ಅದಕ್ಕೆ ತಾಗಿಸಿ ಹಿಡಿದ. ತಾಯಿ ಅವರಿಬ್ಬರನ್ನೂ ನೋಡಿ, ಹೇಳಬೇಕೆಂದು ತಂದಿದ್ದ ಮಾತನ್ನೆಲ್ಲ ಬಿಟ್ಟು, "ತೋಳು ಉದ್ದ ಇರೋ ಅಂಗಿ ತಂದಿದ್ದೀನಿ, ಚಳಿ ಬರುತ್ತೆ," ಎಂದಳು. ಹದಿನೈದು ನಿಮಿಷ ಮುಗಿಯಿತು.

ಅಲ್ಲಿಗೆ ಮಗನ ನಾಲ್ಕು ವರ್ಷ ಮೂರು ತಿಂಗಳು ಹೋಗಿತ್ತು. ಹೋಗಬೇಕಾದದ್ದು ಐದು ವರ್ಷ ಒಂಬತ್ತು ತಿಂಗಳು. ಅಪ್ಪನ ಮೂವತ್ತೊಂದು ವರ್ಷದ ನೌಕರಿ ಹೋಗಿತ್ತು, ಪಿಂಚಣಿ ಹೋಗಿತ್ತು. ಗಂಡಹೆಂಡತಿ ಮಾತಾಡದೆ ಮೂರು ವರ್ಷ ಹೋಗಿತ್ತು. ಕಾವಲುಗಾರನ ಒಂದು ಕಣ್ಣು ಹೋಗಿತ್ತು, ಅದನ್ನು ತೆಗೆದವನು ಯಾರೆಂದು ಹುಡುಕುವವರು ಈಗ ಯಾರೂ ಇರಲಿಲ್ಲ. ಗುಬ್ಬಿಯ ಹಾಲುಹಲ್ಲು ಎರಡು ಬಿದ್ದಿದ್ದವು, ಎರಡನ್ನೂ ಅವಳ ಅಪ್ಪ ನೋಡಿರಲಿಲ್ಲ.